ಬೀಜಿಂಗ್ ಅರಮನೆಯಲ್ಲಿ ನಿಜವಾಗಲೂ 9,999 ಕೋಣೆ ಇವೆಯಾ?

ಅಡಿಕೆತೋಟ:
ಎಲ್ಲರಿಗೂ ನಮಸ್ಕಾರ. ಆಫೀಸ್ ಕೆಲಸಕ್ಕೆ ಬೀಜಿಂಗ್‌ಗೆ ಹೋಗಿದ್ದೆ. ಕೊನೆಯ ದಿನ ಬಿಡುವು ಸಿಕ್ಕಿತು, ಫಾರ್ಬಿಡನ್ ಸಿಟಿ ಅನ್ನುವ ಹಳೇ ಅರಮನೆ ನೋಡಿಕೊಂಡು ಬಂದೆ. ಬೆಳಗ್ಗೆ ಒಳಗೆ ಹೋದವಳು ಹೊರಗೆ ಬರುವಾಗ ಸಂಜೆ ನಾಲ್ಕು. ಕಾಲು ಸೋತು ಹೋಗಿತ್ತು, ಆದರೂ ಅರ್ಧ ನೋಡಿದ್ದೇನೆ ಅಂತಲೂ ಹೇಳಲಾರೆ.

ನಮ್ಮ ಜೊತೆಗಿದ್ದ ಗೈಡ್ ಹೇಳಿದ್ದು: ಇಲ್ಲಿ 9,999 ಮತ್ತು ಅರ್ಧ ಕೋಣೆ ಇವೆ, ಹುಟ್ಟಿದ ಮಗುವನ್ನು ದಿನಕ್ಕೊಂದು ಕೋಣೆಯಲ್ಲಿ ಮಲಗಿಸುತ್ತಾ ಹೋದರೆ ಎಲ್ಲ ಮುಗಿಯುವ ಹೊತ್ತಿಗೆ ಮಗುವಿಗೆ 27 ವರ್ಷ ಆಗಿರುತ್ತೆ ಅಂತ. ಕೇಳುವಾಗ ಚೆನ್ನಾಗಿತ್ತು. ಆದರೆ ನಾನು ನೋಡಿದ್ದು ಒಂದರ ಹಿಂದೆ ಒಂದು ದೊಡ್ಡ ಅಂಗಳ, ಅಂಗಳದ ತುದಿಗೊಂದು ದೊಡ್ಡ ಹಜಾರ. ಬಾಗಿಲಲ್ಲಿ ನಿಂತು ಒಳಗೆ ಇಣುಕಿದರೆ ಬರೀ ಕಂಬಗಳು. ಕೋಣೆ ಎಲ್ಲಿದೆ? ಯಾರು ಎಣಿಸಿದ್ದು? ಅರ್ಧ ಕೋಣೆ ಅಂದರೆ ಏನು?

ಇನ್ನೊಂದು. ಕೆಂಪು ಬಾಗಿಲ ಮೇಲೆ ಬಂಗಾರದ ಬಣ್ಣದ ಗುಬ್ಬಿಗಳಿವೆ (ಗುಂಡು ತಲೆಯ ಮೊಳೆಗಳು), ಒಂದೊಂದೂ ನನ್ನ ಮುಷ್ಟಿಗಿಂತ ದೊಡ್ಡದು. ಜನ ಸವರಿ ಸವರಿ ಕೈಗೆ ಎಟುಕುವಷ್ಟರ ಬಣ್ಣ ಸವೆದಿದೆ. ನಾನೂ ಕೈಯಿಟ್ಟು ಎಣಿಸಿದೆ. ಅಡ್ಡಕ್ಕೆ 9, ಉದ್ದಕ್ಕೆ 9. ಇದನ್ನೆಲ್ಲ ನಿಜಕ್ಕೂ ಅರ್ಥ ಇಟ್ಟುಕೊಂಡು ಮಾಡಿದ್ದಾ, ಇಲ್ಲ ನಾವು ಆಮೇಲೆ ಕಥೆ ಕಟ್ಟಿದ್ದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಶರಾವತಿ_ದಡ:
ನಾನೂ ಇದನ್ನೇ ಕೇಳಿದ್ದೇನೆ. ಸ್ವರ್ಗದ ಅರಸನ ಅರಮನೆಯಲ್ಲಿ 10,000 ಕೋಣೆ. ಭೂಮಿಯ ಅರಸ ಅವನ ಮಗ. ಅಪ್ಪನ ಮನೆಗೆ ಸರಿಸಮ ಕಟ್ಟಬಾರದು ಅಂತ ಒಂಚೂರು ಕಡಿಮೆ.

ಹಳೇಬೇರು:
ಬೀಜಿಂಗ್‌ನಲ್ಲಿ ಆರು ವರ್ಷ ಇದ್ದೆ, ಊರಿನಿಂದ ಯಾರೇ ಬಂದರೂ ಇಲ್ಲಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಹಾಗಾಗಿ ಒಂದಿಷ್ಟು ಓದಿಕೊಂಡಿದ್ದೇನೆ.

9,999 ಎಂಬುದು ಜನರ ಬಾಯಲ್ಲಿ ಬಂದ ಲೆಕ್ಕ. 1973ರಲ್ಲಿ ತಜ್ಞರು ಅಳತೆ ಮಾಡಿದಾಗ ಸಿಕ್ಕಿದ್ದು 8,704. ಆದರೆ ಅಸಲಿ ತಪ್ಪು ಸಂಖ್ಯೆಯಲ್ಲಿಲ್ಲ, 'ಕೋಣೆ' ಎಂಬ ಮಾತಿನಲ್ಲಿದೆ. ಚೀನೀಯರು ಎಣಿಸುವುದು 'ಜಿಯಾನ್' ಲೆಕ್ಕದಲ್ಲಿ. ನಾಲ್ಕು ಕಂಬಗಳ ನಡುವಿನ ಜಾಗ ಒಂದು ಜಿಯಾನ್. ಮಧ್ಯೆ ಗೋಡೆ ಇರಲಿ ಇಲ್ಲದಿರಲಿ, ಅದು ಒಂದೇ. ಇಂಗ್ಲಿಷಿನವರು ಅದನ್ನು ರೂಮ್ ಅಂತ ಮಾಡಿದರು. ನಾವು ಅದನ್ನೇ ಕೋಣೆ ಅಂದೆವು.

ಬಡಗಿಮನೆ:
ಹಳೇಬೇರು ಸಾರ್, ಒಂದು ನಿಮಿಷ. ಅದು ಅಂಕಣ ಅಲ್ವಾ?

ನಮ್ಮದು ಮೂರು ತಲೆಮಾರಿನ ಬಡಗಿ ಮನೆ. ನಮ್ಮಪ್ಪ ಇವತ್ತಿಗೂ ಹಳ್ಳಿಯಲ್ಲಿ ಮನೆ ಕಟ್ಟುವ ಮಾತು ಬಂದರೆ ಚದರಡಿ ಕೇಳುವುದಿಲ್ಲ, "ಎಷ್ಟು ಅಂಕಣ?" ಅಂತ ಕೇಳುತ್ತಾರೆ. ಎರಡು ಸಾಲು ಕಂಬ, ಅದರ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಒಂದು ಅಂಕಣ. ಮೂರಂಕಣದ ಮನೆ, ಐದಂಕಣದ ಮನೆ ಅಂತಲೇ ಹೆಸರು. ಒಳಗೆ ಗೋಡೆ ಎಷ್ಟು ಹಾಕಿಕೊಳ್ಳುತ್ತೀರಿ ಅನ್ನುವುದು ನಿಮಗೆ ಬಿಟ್ಟಿದ್ದು. ನೀವು ಹೇಳಿದ್ದು ಅಕ್ಷರಕ್ಕೆ ಅಕ್ಷರ ಅದೇ.

ಗೋಕಾಕ_ಕರದಂಟು:
ನಮ್ಮ ಕಡೆ ಇದಕ್ಕೆ ಖಣ ಅಂತಾರೆ ನೋಡ್ರಿ. ಎಂಟು ಖಣದ ಮನೆ, ಹನ್ನೆರಡು ಖಣದ ಮನೆ. ಹೆಣ್ಣು ಕೊಡುವವರು ಮೊದಲು ಕೇಳುತ್ತಿದ್ದುದೇ ಎಷ್ಟು ಖಣದ ಮನೆ ಅಂತ.

ಹಳೇಬೇರು:
ಬಡಗಿಮನೆ, ಆರು ವರ್ಷ ಬಂದವರಿಗೆಲ್ಲ ಈ ಜಿಯಾನ್ ಬಿಡಿಸಿ ಹೇಳಲು ಒದ್ದಾಡಿದ್ದೇನೆ. ಅಂಕಣ ಅಂದಿದ್ದರೆ ಒಂದೇ ಮಾತಲ್ಲಿ ಮುಗಿಯುತ್ತಿತ್ತು. ತುಂಬಾ ಥ್ಯಾಂಕ್ಸ್.

ಹೊಯ್ಸಳಪ್ರಿಯ:
ದೇವಸ್ಥಾನ ನೋಡುವವರಿಗೂ ಇದು ಗೊತ್ತಿರುವ ಪದವೇ. ನವರಂಗ ಅಂದರೆ ಒಂಬತ್ತು ಅಂಕಣದ ಮಂಟಪ. ನಡುವಿನ ನಾಲ್ಕು ಕಂಬದ ಮೇಲಿನ ಅಂಕಣದಲ್ಲೇ ಭುವನೇಶ್ವರಿ, ಅಂದರೆ ಕೆತ್ತನೆಯ ಒಳಮಾಡು ಬರುವುದು.

ಅಡಿಕೆತೋಟ:
ಅಯ್ಯೋ, ನಮ್ಮಜ್ಜಿ ಮನೆ ಏಳಂಕಣದ್ದು! ಎಷ್ಟೋ ಸಲ ಕೇಳಿದ ಮಾತು, ಅರ್ಥ ಏನು ಅಂತ ಯಾವತ್ತೂ ಯೋಚಿಸಿರಲಿಲ್ಲ. ಹಾಗಾದರೆ ಹಳೇಬೇರು ಸಾರ್, ಮುಂದಿರುವ ಅತಿ ದೊಡ್ಡ ಹಜಾರ ಎಷ್ಟು ಅಂಕಣ?

ಹಳೇಬೇರು:
ಅದರ ಹೆಸರು ತೈಹೆದಿಯಾನ್. ಪರಮ ಸಾಮರಸ್ಯದ ಸಭಾಂಗಣ ಅನ್ನಬಹುದು. ಅಗಲಕ್ಕೆ 11 ಅಂಕಣ, ಒಳಕ್ಕೆ 5. ಅಂದರೆ ಒಟ್ಟು 55. ಕಂಬ ಲೆಕ್ಕ ಹಾಕಿ: ಒಂದು ಸಾಲಿಗೆ 12, ಹಾಗೆ 6 ಸಾಲು, ಒಟ್ಟು 72. ನೀವು ಬಾಗಿಲಲ್ಲಿ ಇಣುಕಿ ಒಂದೇ ಹಜಾರ ಅಂದುಕೊಂಡಿರಲ್ಲ, ಅದು ಅವರ ಪಟ್ಟಿಯಲ್ಲಿ 55.

ಲೆಕ್ಕಾಚಾರಿ:
ಸರಿ, ಈಗ ನನ್ನ ಪ್ರಶ್ನೆ. 9 ಚಕ್ರವರ್ತಿಯ ಸಂಖ್ಯೆ, ಎಲ್ಲಾ 9ರಲ್ಲೇ ಇದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅತಿ ಮುಖ್ಯ ಕಟ್ಟಡವೇ 11 ಅಂಕಣ! ಅಲ್ಲಿಗೆ ಆ ವಾದ ಬಿತ್ತಲ್ಲ? ಒಂಬತ್ತು ಸಿಕ್ಕಿದ ಕಡೆ ಎಣಿಸುವುದು, ಸಿಗದ ಕಡೆ ಸುಮ್ಮನಿರುವುದು. ಹೀಗೆ ಮಾಡಿದರೆ ನಮ್ಮ ಬಸ್ ಸ್ಟ್ಯಾಂಡಿನಲ್ಲೂ ಗೂಢಾರ್ಥ ಹುಡುಕಬಹುದು.

ಹಳೇಬೇರು:
ಬೀಳುವುದಿಲ್ಲ ಸಾರ್. ಮುಂಭಾಗದ ಮೂರು ಸಭಾಂಗಣಗಳಲ್ಲಿ ಕೊನೆಯದಾದ ಬಾವೊಹೆದಿಯಾನ್ ಅಗಲಕ್ಕೆ 9, ಒಳಕ್ಕೆ 5. ಒಳಮನೆಯ ಚಿಯಾನ್‌ಚಿಂಗ್‌ಗೊಂಗ್ 9 ಮತ್ತು 5. ತಿಯಾನನ್‌ಮೆನ್ ದ್ವಾರದ ಮೇಲಿನ ಮಂಟಪ 9 ಮತ್ತು 5. ಇಷ್ಟು ಕಡೆ ಆಕಸ್ಮಿಕವಾಗಿ ಬರುತ್ತದೆಯೇ? ಬೆಸ ಸಂಖ್ಯೆಗಳು ಯಾಂಗ್, ಅಂದರೆ ಬೆಳಕಿನ, ಗಂಡು ಶಕ್ತಿಯ ಕಡೆಯವು, ಅದರಲ್ಲಿ 9 ಎಲ್ಲಕ್ಕಿಂತ ದೊಡ್ಡದು, 5 ನಡುವಿನದು. ಇದು ಅವರ ಹಳೇ ಗ್ರಂಥಗಳಲ್ಲೇ ಇರುವ ವಿಚಾರ, ಗೈಡ್‌ಗಳು ಹುಟ್ಟಿಸಿದ್ದಲ್ಲ. ಬಾಗಿಲ ಗುಬ್ಬಿಗಳಿಗೆ ಸರಕಾರಿ ನಿಯಮವೇ ಇತ್ತು. ಚಕ್ರವರ್ತಿಗೆ ಒಂಬತ್ತರ ಒಂಬತ್ತು ಸಾಲು, ರಾಜಕುಮಾರರಿಗೆ ಅದಕ್ಕಿಂತ ಕಡಿಮೆ, ಅವರ ಕೆಳಗಿನವರಿಗೆ ಇನ್ನೂ ಕಡಿಮೆ.

ಲೆಕ್ಕಾಚಾರಿ:
ಹಾಗಾದರೆ ಪೂರ್ವದ ದ್ವಾರ ದೊಂಗ್‌ಹುವಾಮೆನ್‌ನಲ್ಲಿ 72 ಗುಬ್ಬಿ ಯಾಕೆ? ಅಲ್ಲಿ ಎಂಟೇ ಸಾಲು. ಇದನ್ನು ಯಾರೂ ಹೇಳುವುದಿಲ್ಲ.

ಹಳೇಬೇರು:
ಹೇಳುತ್ತಾರಲ್ಲ. ಚಕ್ರವರ್ತಿ ತೀರಿಕೊಂಡರೆ ಶವಪೆಟ್ಟಿಗೆ ಆ ಬಾಗಿಲಿಂದ ಹೋಗುತ್ತಿತ್ತು, ಸರಿ ಸಂಖ್ಯೆ ಯಿನ್, ಸಾವಿನ ಕಡೆಯದು ಅಂತ ಜನ ಹೇಳುತ್ತಾರೆ.

ಲೆಕ್ಕಾಚಾರಿ:
ಜನ ಹೇಳುತ್ತಾರೆ, ಸರಿ. ಆದರೆ ಅದೇ ಬಾಗಿಲಿಂದ ಮಂತ್ರಿಗಳೂ ದಿನಾ ಓಡಾಡುತ್ತಿದ್ದರು. ನಾನು ಜಗಳಕ್ಕೆ ಬಂದಿಲ್ಲ. ಕಟ್ಟಿದವರು ಬರೆದಿಟ್ಟ ನಿಯಮ ಬೇರೆ, ನೋಡಿದವರು ಆಮೇಲೆ ಕೊಟ್ಟ ಕಾರಣ ಬೇರೆ. ಎರಡನ್ನೂ ಕಲಸಬೇಡಿ ಅಂತಷ್ಟೇ ನನ್ನ ಮಾತು.

ಹಳೇಬೇರು:
ಇದನ್ನು ಒಪ್ಪುತ್ತೇನೆ. ಗುಬ್ಬಿಯ ನಿಯಮ ಬರೆದಿಟ್ಟದ್ದು, ಶವಪೆಟ್ಟಿಗೆಯ ಕಾರಣ ಬಾಯಿಮಾತು.

ಕುಂಚ_ಬಣ್ಣ:
ಹಾಗೆ ನೋಡಿದರೆ ಮಾಡಿನ ಮೇಲಿನ ಗೊಂಬೆಗಳು ಒಳ್ಳೆಯ ಉದಾಹರಣೆ. ನಾನು ಚಿತ್ರ ಬರೆಯುವವಳು, ಅಲ್ಲಿ ಹೋದಾಗ ಎರಡು ದಿನ ಬರೀ ಮಾಡನ್ನೇ ಬರೆದೆ. ಮೂಲೆಯ ಏಣಿನ ಮೇಲೆ ಸಾಲಾಗಿ ಪುಟ್ಟ ಪ್ರಾಣಿಗಳು ಕೂತಿರುತ್ತವೆ. ಎಲ್ಲಕ್ಕಿಂತ ಮುಂದೆ ಕೋಳಿಯಂಥ ಹಕ್ಕಿ ಮೇಲೆ ಕೂತ ಒಬ್ಬ ಮನುಷ್ಯ. ಅವನ ಹಿಂದೆ ಡ್ರ್ಯಾಗನ್, ಫೀನಿಕ್ಸ್, ಸಿಂಹ, ದೇವಲೋಕದ ಕುದುರೆ, ಕಡಲ ಕುದುರೆ ಹೀಗೆ. ಕಟ್ಟಡ ದೊಡ್ಡದಾದಷ್ಟೂ ಪ್ರಾಣಿ ಜಾಸ್ತಿ. ಸಾಮಾನ್ಯವಾಗಿ 3, 5, 7, 9. ತೈಹೆದಿಯಾನ್ ಒಂದರಲ್ಲಿ ಮಾತ್ರ 10.

ಆದರೆ ಅವು ಅಲ್ಲಿಗೆ ಬಂದದ್ದು ಅಲಂಕಾರಕ್ಕಲ್ಲ. ಇಳಿಜಾರಿನಲ್ಲಿ ಹೆಂಚು ಜಾರದಂತೆ ಮೊಳೆ ಹೊಡೆಯುತ್ತಾರೆ. ಮೊಳೆ ಹೊಡೆದ ತೂತಿನಿಂದ ನೀರು ಇಳಿದರೆ ಕೆಳಗಿನ ಮರ ಕೊಳೆಯುತ್ತದೆ. ಅದನ್ನು ಮುಚ್ಚಲು ಒಂದು ಟೋಪಿ ಬೇಕು. ಆ ಟೋಪಿಯೇ ಕಾಲಕಾಲಕ್ಕೆ ಪ್ರಾಣಿಯಾಯಿತು. ಮೊದಲು ಕೆಲಸ, ಆಮೇಲೆ ಅರ್ಥ, ಅದರ ಮೇಲೆ ಅಂತಸ್ತಿನ ಲೆಕ್ಕ. ಮೂರೂ ಸುಳ್ಳಲ್ಲ.

ಮಲ್ಲಿಗೆಕೇರಿ:
ಆ ಹತ್ತನೆಯ ಪ್ರಾಣಿಗೆ ಮಂಗನ ಮುಖ, ರೆಕ್ಕೆ, ಕೈಯಲ್ಲಿ ಗದೆ. ಅದು ನಮ್ಮ ಆಂಜನೇಯನೇ! ಭಾರತದಿಂದ ಹೋದದ್ದು.

ಕುಂಚ_ಬಣ್ಣ:
ನೋಡಿದ ಕೂಡಲೇ ನನಗೂ ಹಾಗೇ ಅನಿಸಿತ್ತು ಅಕ್ಕ. ಆದರೆ ಅದಕ್ಕೆ ಅವರ ಹೆಸರು ಹಾಂಗ್‌ಶಿ. ಹಾಂಗ್ ಅಂದರೆ ಸಾಲು, ಸಾಲಿನಲ್ಲಿ ಹತ್ತನೆಯವನು ಅಂತ. ಕೈಯಲ್ಲಿರುವುದು ಗದೆ ಅಲ್ಲ, ವಜ್ರಾಯುಧ. ಸಿಡಿಲಿನಿಂದ ಕಟ್ಟಡ ಕಾಯಲಿ ಅಂತ ಕೂರಿಸಿದ್ದು. ವಜ್ರಾಯುಧ ಬೌದ್ಧರ ಮೂಲಕ ನಮ್ಮ ಕಡೆಯಿಂದ ಹೋದದ್ದು ಹೌದು. ಆಂಜನೇಯ ಅನ್ನಲು ಮಾತ್ರ ಆಧಾರ ಇಲ್ಲ.

ಮಲ್ಲಿಗೆಕೇರಿ:
ಸರಿ ಬಿಡಿ, ವಜ್ರಾಯುಧವಾದರೂ ನಮ್ಮದಾಯಿತಲ್ಲ 🙂

ಶರಾವತಿ_ದಡ:
ಸಿಡಿಲಿನ ಭಯ ಅಷ್ಟಿತ್ತಾ?

ಹಳೇಬೇರು:
ಇರದೆ ಏನು! ಯೊಂಗ್ಲೆ ಚಕ್ರವರ್ತಿ 1406ರಲ್ಲಿ ಅಪ್ಪಣೆ ಕೊಟ್ಟು, 1420ಕ್ಕೆ ಅರಮನೆ ಮುಗಿಯಿತು. 1421ರ ಹೊಸ ವರ್ಷಕ್ಕೆ ಅದ್ದೂರಿಯಾಗಿ ಗೃಹಪ್ರವೇಶ. ಅದೇ ಮೇ ತಿಂಗಳಲ್ಲಿ ಸಿಡಿಲು ಬಡಿದು ಮುಂದಿನ ಮೂರೂ ಸಭಾಂಗಣ ಸುಟ್ಟು ಬೂದಿ. ನೈಋತ್ಯದ ಕಾಡುಗಳಿಂದ ಕಡಿದ ನನ್ಮು ಮರ, ನದಿಯಲ್ಲಿ ತೇಲಿಸಿ, ಆಮೇಲೆ ಮಹಾ ಕಾಲುವೆಯಲ್ಲಿ ಎಳೆದು ವರ್ಷಗಟ್ಟಲೆ ಸಾಗಿಸಿದ್ದು, ಒಂದೇ ದಿನಕ್ಕೆ ಹೋಯಿತು. ದೇವರೇ ಮುನಿದಿದ್ದಾನೆ ಅಂತ ಚಕ್ರವರ್ತಿ ಗಾಬರಿಯಾಗಿ, ತನ್ನ ತಪ್ಪು ಏನಿದ್ದರೂ ಹೇಳಿ ಅಂತ ಅಧಿಕಾರಿಗಳನ್ನು ಕೇಳಿದ. ಆಮೇಲೆ ಸುಮಾರು 20 ವರ್ಷ ಅರಮನೆಯ ಮುಂಭಾಗ ಹಾಗೇ ಬಿದ್ದಿತ್ತು. ಮತ್ತೆ ಕಟ್ಟಿಸಿದವರಲ್ಲಿ ಮುಖ್ಯ ವಿಯೆಟ್ನಾಂ ಮೂಲದ ನಗುಯೆನ್ ಆನ್ ಅಂತ ಒಬ್ಬ ನಪುಂಸಕ ಅಧಿಕಾರಿ. 1557, 1597, 1679, ಹೀಗೆ ಮತ್ತೆ ಮತ್ತೆ ಬೆಂಕಿ. ನೀವು ಈಗ ನೋಡುವ ತೈಹೆದಿಯಾನ್ 1690ರ ದಶಕದಲ್ಲಿ ಕಾಂಗ್‌ಶಿ ಚಕ್ರವರ್ತಿಯ ಕಾಲದಲ್ಲಿ ಎದ್ದದ್ದು. ಅಷ್ಟು ಹೊತ್ತಿಗೆ ಆ ಗಾತ್ರದ ನನ್ಮು ಸಿಗದೆ ಪೈನ್ ಮರ ಹಾಕಿದರು.

ಇತಿಹಾಸ_ಮೇಷ್ಟ್ರು:
ಇಲ್ಲಿ ಒಂದು ವಿಷಯ ಹೇಳಲೇಬೇಕು, ಇದು ನನಗೆ ತುಂಬಾ ಇಷ್ಟದ್ದು.

1421ರ ಆ ಬೆಂಕಿಯನ್ನು ಕಣ್ಣಾರೆ ಕಂಡು ಬರೆದಿಟ್ಟ ಒಬ್ಬ ಹೊರಗಿನವನಿದ್ದಾನೆ. ಹೆರಾತ್‌ನ (ಈಗಿನ ಅಫ್ಘಾನಿಸ್ತಾನ) ಷಾರುಖ್ ದೊರೆ ಚೀನಾಕ್ಕೆ ರಾಯಭಾರ ಕಳಿಸಿದ್ದ. ಅದರಲ್ಲಿ ಘಿಯಾಸುದ್ದೀನ್ ನಕ್ಕಾಶ್ ಅಂತ ಒಬ್ಬ ಚಿತ್ರಗಾರ ಇದ್ದ. ದಾರಿಯುದ್ದಕ್ಕೂ ದಿನಚರಿ ಬರೆದ. ಹೊಸ ಅರಮನೆಯ ಗೃಹಪ್ರವೇಶವನ್ನೂ ನೋಡಿದ, ಬೆಂಕಿಯನ್ನೂ ನೋಡಿದ. ಆ ದಿನಚರಿಯನ್ನು ತನ್ನ ಇತಿಹಾಸ ಗ್ರಂಥಕ್ಕೆ ಸೇರಿಸಿಕೊಂಡು ಉಳಿಸಿದವರಲ್ಲಿ ಒಬ್ಬ ಯಾರು ಗೊತ್ತಾ? ಅಬ್ದುಲ್ ರಜಾಕ್. ನಾವೆಲ್ಲ ಹೈಸ್ಕೂಲಿನಲ್ಲಿ ಓದಿದ ಅದೇ ರಜಾಕ್, 1443ರಲ್ಲಿ ಅದೇ ಷಾರುಖ್ ದೊರೆಯ ರಾಯಭಾರಿಯಾಗಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದು, ವಿಜಯನಗರದ ಏಳು ಸುತ್ತಿನ ಕೋಟೆಯನ್ನೂ ಮಹಾನವಮಿಯನ್ನೂ ವರ್ಣಿಸಿದವನು. ಒಂದೇ ಗ್ರಂಥದಲ್ಲಿ ಬೀಜಿಂಗ್ ಅರಮನೆಯೂ ಇದೆ, ನಮ್ಮ ಹಂಪಿಯೂ ಇದೆ.

ಅಡಿಕೆತೋಟ:
ಮೈ ಜುಮ್ಮೆಂದಿತು ಮೇಷ್ಟ್ರೇ. ಇದನ್ನು ಶಾಲೆಯಲ್ಲಿ ಯಾರೂ ಹೇಳಲಿಲ್ಲ.

ತುಂಗಭದ್ರಾ_ತೀರ:
ನಾನು ಹೊಸಪೇಟೆಯವನು. ಮಹಾನವಮಿ ದಿಬ್ಬ ಹತ್ತಿದವರು ನೆನಪು ಮಾಡಿಕೊಳ್ಳಿ. ಮೂರು ಹಂತದ ಕಲ್ಲಿನ ಜಗತಿ, ಮೇಲೆ ಬಯಲು. ಅಲ್ಲಿ ಮರದ ಕಂಬ ನಿಲ್ಲಿಸಿದ ಗುಳಿಗಳಷ್ಟೇ ಉಳಿದಿವೆ. ತೈಹೆದಿಯಾನ್ ಕೆಳಗೂ ಮೂರು ಹಂತದ ಬಿಳಿ ಕಲ್ಲಿನ ಜಗತಿ ಇದೆ. ಹಂಪಿಯ ಅರಮನೆಗಳೂ ಮೇಲೆ ಮರದವೇ, 1565ರ ನಂತರ ಕಲ್ಲಿನ ಬುಡ ಮಾತ್ರ ಉಳಿಯಿತು. ಅಲ್ಲಿ ಪ್ರತಿ ಸಲ ಸುಟ್ಟಾಗಲೂ ಮತ್ತೆ ಕಟ್ಟುವವರು ಇದ್ದರು. ನಮ್ಮಲ್ಲಿ ಇರಲಿಲ್ಲ. ಬೀಜಿಂಗ್ ಫೋಟೋ ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಲೆಕ್ಕಾಚಾರಿ:
ಇದು ಒಳ್ಳೆಯ ಹೋಲಿಕೆ. ಹಾಗಂತ ಒಬ್ಬರನ್ನು ನೋಡಿ ಇನ್ನೊಬ್ಬರು ಕಟ್ಟಿದರು ಅನ್ನಬೇಡಿ.

ತುಂಗಭದ್ರಾ_ತೀರ:
ಅನ್ನುವುದಿಲ್ಲ ಸಾರ್. ಜಗತಿ ಎತ್ತರ ಇದ್ದರೆ ಒಡೆಯ ಎತ್ತರ ಕಾಣುತ್ತಾನೆ. ಅದಕ್ಕೆ ಯಾರೂ ಯಾರನ್ನೂ ನೋಡಬೇಕಿಲ್ಲ.

ಸೇತುವೆ_ಇಂಜಿನಿಯರ್:
ಆ ಜಗತಿ ಬಗ್ಗೆ ಒಂದು ಮಾತು. ಅಂಚಿಗೆ ಸಾಲಾಗಿ ಚಾಚಿಕೊಂಡಿರುವ ಕಲ್ಲಿನ ಡ್ರ್ಯಾಗನ್ ತಲೆಗಳನ್ನು ನೋಡಿರುತ್ತೀರಿ. 1,142 ಇವೆ. ಅವು ಮಳೆನೀರು ಹೊರಹಾಕುವ ದೋಣಿಗಳು. ಬೀಜಿಂಗ್‌ನಲ್ಲಿ ವರ್ಷದ ಮಳೆಯ ಹೆಚ್ಚು ಪಾಲು ಬೇಸಿಗೆಯ ಎರಡು ತಿಂಗಳಲ್ಲಿ ಸುರಿಯುತ್ತದೆ. ಜೋರು ಮಳೆ ಬಂದರೆ ಎಲ್ಲಾ ತಲೆಗಳ ಬಾಯಿಂದ ನೀರು ಹಾರುತ್ತದೆ. ಅಲ್ಲಿಂದ ಅಂಗಳ, ಅಂಗಳದ ಇಳಿಜಾರು ಉತ್ತರದಿಂದ ದಕ್ಷಿಣಕ್ಕೆ, ಅಲ್ಲಿಂದ 'ಚಿನ್ನದ ನೀರು' ಎಂಬ ಹೆಸರಿನ ಕಾಲುವೆಗೆ, ಕೊನೆಗೆ ಹೊರಗಿನ 52 ಮೀಟರ್ ಅಗಲದ ಕಂದಕಕ್ಕೆ. 600 ವರ್ಷದ ಹಿಂದಿನ ಈ ವ್ಯವಸ್ಥೆ ಇವತ್ತಿಗೂ ಕೆಲಸ ಮಾಡುತ್ತಿದೆ.

ಇನ್ನೊಂದು, ಕಂಬಗಳನ್ನು ನೆಲದಲ್ಲಿ ಹೂತಿಲ್ಲ. ಕಲ್ಲಿನ ಮೇಲೆ ಸುಮ್ನೆ ಕೂರಿಸಿದ್ದಾರೆ. ಮಾಡಿನ ಭಾರ ಹೊರುವುದು ಕಂಬದ ತಲೆಯ ಮೇಲಿನ ದೌಗೊಂಗ್, ಒಂದಕ್ಕೊಂದು ಸಿಕ್ಕಿಸಿದ ಮರದ ಚಾಚುಗಳು. ಭೂಕಂಪ ಬಂದರೆ ಕಂಬ ಸ್ವಲ್ಪ ಜರುಗುತ್ತದೆ, ಚಾಚುಗಳು ಒಂದರ ಮೇಲೊಂದು ಉಜ್ಜಿ ಅಲುಗಾಟವನ್ನು ನುಂಗುತ್ತವೆ. 1976ರ ತಾಂಗ್‌ಶಾನ್ ಭೂಕಂಪ ಬೀಜಿಂಗನ್ನೂ ನಡುಗಿಸಿತ್ತು. ಈ ಸಭಾಂಗಣಗಳು ನಿಂತವು.

ಬಡಗಿಮನೆ:
ಕಂಬದ ಕೆಳಗೆ ಕಲ್ಲು ನಾವೂ ಇಡುತ್ತೇವೆ. ಗೆದ್ದಲು ಹತ್ತಬಾರದು, ತೇವ ಏರಬಾರದು ಅಂತ. ಭೂಕಂಪದ ಯೋಚನೆ ನಮಗೆ ಬಂದಿಲ್ಲ.

ಶರಾವತಿ_ದಡ:
ಬಾವೊಹೆದಿಯಾನ್ ಹಿಂದೆ ಮೆಟ್ಟಿಲ ನಡುವೆ ಒಂದು ದೊಡ್ಡ ಕೆತ್ತನೆ ಕಲ್ಲಿದೆಯಲ್ಲ, ಅದನ್ನು ಹಿಮದ ಮೇಲೆ ಜಾರಿಸಿ ತಂದರಂತೆ, ನಿಜವೇ?

ಸೇತುವೆ_ಇಂಜಿನಿಯರ್:
ನಿಜ, ಹಿಮ ಅಲ್ಲ, ಮಂಜುಗಡ್ಡೆ. ಆ ಕಲ್ಲು 16 ಮೀಟರಿಗಿಂತ ಉದ್ದ, 3 ಮೀಟರ್ ಅಗಲ, 200 ಟನ್‌ಗಿಂತ ಹೆಚ್ಚು ತೂಕ. ಗಣಿ ಇದ್ದದ್ದು 70 ಕಿಲೋಮೀಟರ್ ದೂರದ ಫಾಂಗ್‌ಶಾನ್ ಕಡೆ. ಚಳಿಗಾಲದಲ್ಲಿ ದಾರಿಯುದ್ದಕ್ಕೂ ಬಾವಿ ತೋಡಿ, ನೀರು ಸುರಿದು, ಅದು ಹೆಪ್ಪುಗಟ್ಟಿದ ಮೇಲೆ ಮರದ ಜಾರುಬಂಡಿಯಲ್ಲಿ ಎಳೆದರು. 1557ರಲ್ಲಿ 123 ಟನ್ನಿನ ಇನ್ನೊಂದು ಕಲ್ಲನ್ನು ಹೀಗೇ 28 ದಿನದಲ್ಲಿ ತಂದ ದಾಖಲೆ ಇದೆ. 2013ರಲ್ಲಿ ಸಂಶೋಧಕರು ಇದರ ಲೆಕ್ಕ ಹಾಕಿದರು. ಒಣ ನೆಲದಲ್ಲಿ ಆ 123 ಟನ್ನಿನ ಕಲ್ಲು ಎಳೆಯಲು 1,500ಕ್ಕೂ ಹೆಚ್ಚು ಜನ ಬೇಕು. ಮಂಜುಗಡ್ಡೆ ಮೇಲೆ ನೀರು ಚಿಮುಕಿಸಿ ಎಳೆದರೆ 50ರ ಆಸುಪಾಸು ಸಾಕು. ಆ ಕಾಲಕ್ಕೆ ಅವರಲ್ಲಿ ಚಕ್ರದ ಗಾಡಿ ಇರಲಿಲ್ಲ ಅಂತಲ್ಲ, ಇತ್ತು. ಇಷ್ಟು ತೂಕಕ್ಕೆ ಇದೇ ವಾಸಿ ಅಂತ ಗೊತ್ತಿದ್ದು ಮಾಡಿದರು.

ಗೋಕಾಕ_ಕರದಂಟು:
ಅಬ್ಬಾ. ನಾವು ಒಂದು ಬೀರು ಮಹಡಿಗೆ ಏರಿಸಲು ಆರು ಜನ ಬೇಕು.

ಅಡಿಕೆತೋಟ:
ಅರ್ಧ ಕೋಣೆಯ ವಿಷಯ ಯಾರೂ ಹೇಳಲಿಲ್ಲ!

ಹಳೇಬೇರು:
ಕ್ಷಮಿಸಿ, ಮರೆತೆ. ಅರ್ಧ ಅಂತ ಜನ ತೋರಿಸುವುದು ವೆನ್‌ಯುವಾನ್‌ಗೆ ಎಂಬ ಗ್ರಂಥಾಲಯವನ್ನು. 1770ರ ದಶಕದಲ್ಲಿ ಚಿಯಾನ್‌ಲೊಂಗ್ ಚಕ್ರವರ್ತಿ ಕಟ್ಟಿಸಿದ್ದು, ಅವನ ಮಹಾ ಗ್ರಂಥಸಂಗ್ರಹ ಇಡಲು. ಅದು ಆರು ಅಂಕಣ. ಅರಮನೆಯ ಮುಖ್ಯ ಕಟ್ಟಡಗಳಲ್ಲಿ ಅಗಲಕ್ಕೆ ಬೆಸ ಸಂಖ್ಯೆ, ಇಲ್ಲಿ ಸರಿ. ಪಶ್ಚಿಮದ ತುದಿಯ ಅಂಕಣ ತೀರಾ ಕಿರಿದು, ಅಲ್ಲಿ ಮೆಟ್ಟಿಲು ಇದೆ ಅಷ್ಟೆ. ಅದನ್ನೇ ಅರ್ಧ ಅಂದರು.

ಆರು ಯಾಕೆ ಅನ್ನುವುದಕ್ಕೆ ಇಲ್ಲಿ ಬರೆದಿಟ್ಟ ಕಾರಣವೇ ಇದೆ, ಲೆಕ್ಕಾಚಾರಿ ಸಾರ್‌ಗೆ ಇಷ್ಟವಾಗಬಹುದು. ಆಕಾಶದ ಒಂದು ನೀರನ್ನು ಹುಟ್ಟಿಸುತ್ತದೆ, ಭೂಮಿಯ ಆರು ಅದನ್ನು ಪೂರ್ಣ ಮಾಡುತ್ತದೆ ಅಂತ ಅವರಲ್ಲಿ ಒಂದು ಹಳೆಯ ಮಾತಿದೆ. ನಿಂಗ್‌ಬೊ ಊರಿನ ತಿಯಾನ್‌ಯಿಗೆ ಎಂಬ ಖಾಸಗಿ ಗ್ರಂಥಾಲಯ ಈ ಮಾತಿನ ಮೇಲೇ ಕಟ್ಟಿದ್ದು, ಹೆಸರೂ ಅಲ್ಲಿಂದಲೇ. ಚಕ್ರವರ್ತಿ ಜನ ಕಳಿಸಿ ಅದನ್ನು ಅಳೆಸಿ, ಅದೇ ಮಾದರಿಯಲ್ಲಿ ಕಟ್ಟಿಸಿದ. ಕೆಳಗೆ ಆರು ಅಂಕಣ, ಮೇಲಂತಸ್ತು ಗೋಡೆಯಿಲ್ಲದ ಒಂದೇ ಹಜಾರ. ಹೆಂಚು ಹಳದಿ ಅಲ್ಲ, ಕಪ್ಪು, ಅಂಚಿಗೆ ಹಸಿರು. ಚೀನೀಯರ ಪಂಚತತ್ವದಲ್ಲಿ ಕಪ್ಪು ನೀರಿನ ಬಣ್ಣ, ಪುಸ್ತಕಕ್ಕೆ ಬೆಂಕಿ ಬೀಳದಿರಲಿ ಅಂತ.

ಲೆಕ್ಕಾಚಾರಿ:
ಇದು ನನಗೆ ಬೇಕಿದ್ದ ಉತ್ತರ. ಮುಖ್ಯ ಕಟ್ಟಡಗಳಿಗೆ ಬೆಸ ಇಟ್ಟವರು ಪುಸ್ತಕದ ಮನೆಗೆ ಬೇಕಂತಲೇ ಸರಿ ಸಂಖ್ಯೆ ಇಟ್ಟರು ಅಂದರೆ ಅವರು ಅಂಕಣ ಎಣಿಸಿಯೇ ಕಟ್ಟಿದರು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ನನ್ನ ಬಸ್ ಸ್ಟ್ಯಾಂಡ್ ಮಾತು ವಾಪಸ್ ತೆಗೆದುಕೊಂಡೆ.

ಕುಂಚ_ಬಣ್ಣ:
ಬಣ್ಣದ ವಿಷಯ ಬಂತು, ಹೇಳುತ್ತೇನೆ. ಹಳದಿ ಮಣ್ಣಿನ ಬಣ್ಣ, ನಡುವಿನ ದಿಕ್ಕು, ಆದ್ದರಿಂದ ಚಕ್ರವರ್ತಿಗೆ. ಚಿಕ್ಕ ರಾಜಕುಮಾರರು ಇದ್ದ ಪೂರ್ವದ ಮನೆಗಳಿಗೆ ಹಸಿರು ಹೆಂಚು. ಹಸಿರು ಮರದ ಬಣ್ಣ, ಬೆಳೆಯುವ ವಯಸ್ಸು. ಪಕ್ಕದ ಜಿಂಗ್‌ಶಾನ್ ಗುಡ್ಡದ ಮೇಲೆ ಹತ್ತಿ ನೋಡಿ, ಹಳದಿ ಸಮುದ್ರದ ನಡುವೆ ಆ ಹಸಿರು, ಆ ಕಪ್ಪು ಹುಡುಕಬಹುದು. ಆ ಗುಡ್ಡವೂ ಕಂದಕ ತೋಡಿದ ಮಣ್ಣಿನಿಂದ ಮಾಡಿದ್ದೇ.

ಅಡಿಕೆತೋಟ:
ಚೀನೀ ಹೆಸರಿನಲ್ಲಿ ನೇರಳೆ ಬಣ್ಣ ಇದೆ ಅಂತ ಕೇಳಿದ್ದೆ. ನೇರಳೆ ಎಲ್ಲೂ ಕಾಣಲಿಲ್ಲ.

ಇತಿಹಾಸ_ಮೇಷ್ಟ್ರು:
ಅದು ಬಣ್ಣ ಬಳಿಯುವ ನೇರಳೆ ಅಲ್ಲಮ್ಮ. ಧ್ರುವ ನಕ್ಷತ್ರದ ಸುತ್ತಲಿನ ನಕ್ಷತ್ರಗಳ ಆವರಣಕ್ಕೆ ಅವರು ನೇರಳೆ ಆವರಣ ಅನ್ನುತ್ತಾರೆ. ಉಳಿದ ನಕ್ಷತ್ರಗಳೆಲ್ಲ ಅದನ್ನು ಸುತ್ತುತ್ತವೆ, ಅದು ಮಾತ್ರ ಕದಲುವುದಿಲ್ಲ. ಆಕಾಶದ ಅರಸ ಅಲ್ಲಿ, ಭೂಮಿಯ ಅರಸ ಇಲ್ಲಿ. ನೇರಳೆ ನಿಷೇಧಿತ ನಗರ ಅಂದರೆ ಅದರ ನೆರಳು. ನಮ್ಮ ಧ್ರುವನ ಕಥೆ ಗೊತ್ತಿದ್ದವರಿಗೆ ಇದು ಬೇಗ ಹಿಡಿಸುತ್ತದೆ.

ಮಲ್ಲಿಗೆಕೇರಿ:
ಮುಂದಿನ ಅಂಗಳದಲ್ಲಿ ಒಂದು ಮರವೂ ಇಲ್ಲ, ಉರಿ ಬಿಸಿಲು. ಕೊಲೆಗಾರರು ಅಡಗಬಾರದು ಅಂತ ಮರ ಹಾಕಲಿಲ್ಲವಂತೆ?

ಹಳೇಬೇರು:
ಅದೂ ಹೇಳುತ್ತಾರೆ. ಚೌಕದೊಳಗೆ ಮರ ಬರೆದರೆ ಸಂಕಷ್ಟ ಎಂಬ ಅಕ್ಷರ ಆಗುತ್ತದೆ, ಅದಕ್ಕೆ ಅಂತಲೂ ಹೇಳುತ್ತಾರೆ. ಆದರೆ ಹಿಂದಿನ ರಾಜೋದ್ಯಾನದಲ್ಲಿ ನಾಲ್ಕೂ ಕಡೆ ಗೋಡೆ ಇದೆ, ಒಳಗೆ ನೂರಾರು ವರ್ಷದ ಸೈಪ್ರೆಸ್ ಮರಗಳಿವೆ. ಅಲ್ಲಿ ಸಂಕಷ್ಟ ಬರಲಿಲ್ಲವೇ? ಮುಂದಿನ ಅಂಗಳದಲ್ಲಿ ಸಾವಿರಾರು ಜನ ಸಾಲಾಗಿ ನಿಂತು ಅಡ್ಡ ಬೀಳಬೇಕಿತ್ತು. ನಿಂತವನಿಗೆ ಕಣ್ಣೆದುರು ಜಗತಿ, ಮಾಡು, ಆಕಾಶ ಬಿಟ್ಟು ಬೇರೇನೂ ಕಾಣಬಾರದು. ನನಗೆ ಅನಿಸುವುದು ಇದು.

ಹೊಸ್ತಿಲು:
ಎಲ್ಲರೂ ಮುಂಭಾಗದ್ದೇ ಮಾತಾಡುತ್ತಿದ್ದೀರಿ. ಹಿಂದಿನ ಮನೆ ಬಿಟ್ಟುಬಿಟ್ಟಿರಿ. ಚಕ್ರವರ್ತಿಯ ಚಿಯಾನ್‌ಚಿಂಗ್‌ಗೊಂಗ್, ಅಂದರೆ ಆಕಾಶ. ಪಟ್ಟದರಸಿಯ ಕುನ್‌ನಿಂಗ್‌ಗೊಂಗ್, ಅಂದರೆ ಭೂಮಿ. ಎರಡರ ನಡುವೆ ಪುಟ್ಟ ಜಿಯಾವೊತಾಯ್‌ದಿಯಾನ್, ಎರಡೂ ಕೂಡುವ ಜಾಗ. ಎಡಬಲಕ್ಕೆ ಆರಾರು ಮನೆಗಳು, ಉಳಿದ ಹೆಂಗಸರಿಗೆ. ನನಗೆ ಆಶ್ಚರ್ಯವಾದದ್ದು ಕುನ್‌ನಿಂಗ್‌ಗೊಂಗ್. ಮಂಚೂಗಳು (ಈಶಾನ್ಯದಿಂದ ಬಂದು ಆಳಿದ ಕೊನೆಯ ರಾಜವಂಶದವರು) ಬಂದ ಮೇಲೆ ಅದರ ದೊಡ್ಡ ಭಾಗವನ್ನು ತಮ್ಮ ಕುಲದ ಪೂಜೆಗೆ ಇಟ್ಟುಕೊಂಡರು. ಹಂದಿ ಮಾಂಸ ಬೇಯಿಸುವ ದೊಡ್ಡ ಕಡಾಯಿಗಳು ಇವತ್ತಿಗೂ ಅಲ್ಲಿವೆ. ಪೂರ್ವದ ಒಂದು ಮೂಲೆ ಮಾತ್ರ ಚಕ್ರವರ್ತಿಯ ಮದುವೆ ಕೋಣೆ. ಭೂಮಿಯ ಶಾಂತಿ ಅಂತ ಹೆಸರಿಟ್ಟ ಅರಸಿಯ ಮನೆ ಕೊನೆಗೆ ಅಡುಗೆ ಹೊಗೆಯ ಪೂಜಾಮನೆ ಆಯಿತು. ಆ ಕಡಾಯಿಗಳ ಎದುರು ನಾನು ತುಂಬಾ ಹೊತ್ತು ನಿಂತಿದ್ದೆ.

ನನ್ನ ಹೆಸರಿಗೆ ತಕ್ಕ ಇನ್ನೊಂದು ವಿಷಯ. ಅಲ್ಲಿನ ಹೊಸ್ತಿಲುಗಳು ಮೊಣಕಾಲುದ್ದ. ತುಳಿಯಬಾರದು, ದಾಟಬೇಕು, ನಮ್ಮಲ್ಲಿದ್ದ ಹಾಗೇ. ಕೆಲವು ಕಡೆ ಹೊಸ್ತಿಲನ್ನು ಗರಗಸದಿಂದ ಕೊಯ್ದಿದ್ದಾರೆ. ಕೊನೆಯ ಚಕ್ರವರ್ತಿ ಪುಯಿ ಹುಡುಗನಾಗಿದ್ದಾಗ ಸೈಕಲ್ ಹೊಡೆಯಲು ಕೊಯ್ಸಿದ್ದು. 1912ರಲ್ಲಿ ಸಿಂಹಾಸನ ಹೋಗಿತ್ತು, 1924ರವರೆಗೆ ಒಳಮನೆಯಲ್ಲಿ ಇರಲು ಬಿಟ್ಟಿದ್ದರು. ಅವನನ್ನು ಹೊರಗೆ ಹಾಕಿದ ಮುಂದಿನ ವರ್ಷ, 1925ರ ಅಕ್ಟೋಬರ್ 10ರಂದು ಅದು ಮ್ಯೂಸಿಯಂ ಆಯಿತು.

ಶರಾವತಿ_ದಡ:
ಬರುವ ವರ್ಷ ನಾನೂ ಹೋಗಬೇಕು ಅಂತಿದ್ದೇನೆ. ಟಿಕೆಟ್ ಅಲ್ಲೇ ಸಿಗುತ್ತಾ? ಸಸ್ಯಾಹಾರಿಗಳಿಗೆ ಊಟ?

ಹಳೇಬೇರು:
ಅಲ್ಲೇ ಸಿಗುತ್ತೆ ಅಂತ ಹೋಗಬೇಡಿ. ಪಾಸ್‌ಪೋರ್ಟ್ ನಂಬರ್ ಕೊಟ್ಟು ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಸೋಮವಾರ ರಜೆ. ದಕ್ಷಿಣದ ವುಮೆನ್ ದ್ವಾರದಿಂದ ಒಳಗೆ, ಉತ್ತರದಿಂದ ಹೊರಗೆ, ವಾಪಸ್ ಮುಂದಕ್ಕೆ ಬರಲು ಸುತ್ತಿ ಬರಬೇಕು. ಬೌದ್ಧ ದೇವಾಲಯಗಳ ಹತ್ತಿರ ಸಸ್ಯಾಹಾರಿ ಹೋಟೆಲ್ ಸಿಗುತ್ತವೆ. ಒಂದು ಹೊತ್ತಿಗಾದರೂ ಚಪಾತಿ ಕಟ್ಟಿಕೊಳ್ಳಿ.

ಬಡಗಿಮನೆ:
ಇವತ್ತು ಬೆಳಗ್ಗೆ ಅಪ್ಪನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. 72 ಕಂಬ, 55 ಅಂಕಣ ಅಂದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ "ಅಂಕಣ ಎಲ್ಲಾ ಒಂದೇ ಅಗಲವಾ, ಇಲ್ಲ ನಡುವಿನದು ದೊಡ್ಡದಾ ಕೇಳು" ಅಂದರು. ಬಾಗಿಲು ಬರುವ ಅಂಕಣ ದೊಡ್ಡದಿರಬೇಕು, ತುದಿಗೆ ಹೋಗ್ತಾ ಕಿರಿದು ಮಾಡಬೇಕು, ಆಗ ಮನೆ ನೆಟ್ಟಗೆ ಕಾಣುತ್ತೆ ಅನ್ನುವುದು ಅವರ ಲೆಕ್ಕ. ಯಾರಿಗಾದರೂ ಗೊತ್ತಾ?

ಅಡಿಕೆತೋಟ:
ಬಡಗಿಮನೆ, ನನ್ನ ಹತ್ತಿರ ನೇರ ಮುಂದಿನಿಂದ ತೆಗೆದ ಫೋಟೋ ಇದೆ. ಈಗ ಲ್ಯಾಪ್‌ಟಾಪ್‌ನಲ್ಲಿ ದೊಡ್ಡದು ಮಾಡಿ ಎಣಿಸಿದೆ. ಒಂದು ತುದಿ ಯಾರದೋ ಕೊಡೆಗೆ ಅಡ್ಡವಾಗಿದೆ, ಉಳಿದದ್ದು ಸ್ಪಷ್ಟ. ಸಿಂಹಾಸನದ ಎದುರಿನ ಅಂಕಣ ಎಲ್ಲಕ್ಕಿಂತ ಅಗಲ. ಅದರ ಎರಡೂ ಕಡೆಯವು ಕಮ್ಮಿ, ತುದಿಯದು ತೀರಾ ಸಣ್ಣದು, ನಡುವಿನದರ ಅರ್ಧವೂ ಇಲ್ಲ. ಅಪ್ಪನಿಗೆ ಹೇಳಿಬಿಡಿ. ಫೋಟೋ ನಿಮಗೆ ಬೇರೆಯಾಗಿ ಕಳಿಸಿದ್ದೇನೆ, ಅವರಿಗೂ ತೋರಿಸಿ.

ಬಡಗಿಮನೆ:
ಬಂತು ಮೇಡಂ. ಅಪ್ಪನಿಗೆ ತೋರಿಸಿದೆ. ಮಾಡಿನ ಮೂಲೆ ಹತ್ತಿರದಿಂದ ತೆಗೆದದ್ದು ಇದ್ದರೆ ಅದನ್ನೂ ಕಳಿಸಬೇಕಂತೆ.